ನಂಜಪ್ಪನವರ ಮುಖಕ್ಕೆ ಐದಕ್ಕೆ ಎಷ್ಟು?

ಮನುಷ್ಯನ ಕಣ್ಣನ್ನು ಅರ್ಧ ನಂಬಬಹುದು, ನೆನಪನ್ನು ಮಾತ್ರ ನಂಬಲೇಬಾರದು. ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎ. ಮಾಡುವಾಗ ನಾನು ಕಲಿತ ಪಾಠ ಇದು. ತಿಪಟೂರಿಗೆ ಬಂದು ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಇದನ್ನೇ ಬೋಧಿಸುತ್ತ, ಮನೆಯಲ್ಲಿ ಇದನ್ನೇ ಆಚರಿಸುತ್ತ ಬಂದಿದ್ದೇನೆ.

"ರೀ, ಗೀಸರ್ ಆಫ್ ಮಾಡಿದ್ರಾ?" ಎಂದು ನನ್ನ ಹೆಂಡತಿ ಸರೋಜ ಕೇಳಿದರೆ ನಾನು ಹೌದು ಎಂದು ಹೇಳುವವನಲ್ಲ. "ಆಫ್ ಮಾಡಿದ ನೆನಪೇನೋ ಇದೆ. ಆದರೆ ಅದು ನಿನ್ನೆಯ ನೆನಪೂ ಇರಬಹುದು" ಎನ್ನುತ್ತೇನೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ತಾನೇ ಹೋಗಿ ನೋಡಿ ಬರುತ್ತಾಳೆ. "ಸ್ವಲ್ಪ ಕಮ್ಮಿ ಓದಿದ್ದಿದ್ರೆ ಸಂಸಾರಕ್ಕೆ ಆಗಿಬರ್ತಿದ್ರಿ" ಎನ್ನುತ್ತಾಳೆ. ಇಂಥ ಮಾತುಗಳಿಂದ ವಿಜ್ಞಾನ ಎದೆಗುಂದಬಾರದು!

ಕ್ಯಾಸೆಟ್ಟುಗಳ ಕಾಲ ಮುಗಿದು ಸಿ.ಡಿ.ಗಳ ಕಾಲ ಬಂದಿದ್ದ ದಿನಗಳು ಅವು. ಊರಿನವರೆಲ್ಲ ಹಳೇ ಮದುವೆ ಕ್ಯಾಸೆಟ್ಟುಗಳನ್ನು ಬೀರುವಿನಿಂದ ತೆಗೆದು ಸಿ.ಡಿ. ಮಾಡಿಸಿಕೊಳ್ಳುತ್ತಿದ್ದರು. ಸರೋಜಳ ತಮ್ಮ ಲೋಕೇಶ ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟುಕೊಂಡು ಈ ಕೆಲಸವನ್ನೇ ಮಾಡುತ್ತಿದ್ದ. ಒಂದು ದಿನ ಅವರಿಬ್ಬರ ದೊಡ್ಡಮ್ಮ ಗೌರಮ್ಮ ತುರುವೇಕೆರೆ ಕಡೆಯ ತಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಸೆರಗಿನಲ್ಲಿ ಸುತ್ತಿಕೊಂಡಿದ್ದ ಕ್ಯಾಸೆಟ್ಟೊಂದನ್ನು ಅವನ ಮೇಜಿನ ಮೇಲಿಟ್ಟರು. ಅವರ ಮಗಳ ಮದುವೆಯ ಕ್ಯಾಸೆಟ್ಟು. ಆ ಹೊತ್ತಿಗೆ ನಾನೂ ಅಲ್ಲೇ ಇದ್ದೆ. ಇರಬಾರದಿತ್ತು.

"ನಿಮ್ ದೊಡ್ಡಪ್ಪನ ವರ್ಷದ ತಿಥಿ ಬತ್ತಾ ಐತೆ ಕಣ್ಲಾ ಲೋಕಿ. ಗೋಡೆ ಮೇಲೆ ಹಾಕಿರೋ ಫೋಟೋ ನೋಡಿದ್ರೆ ಅವ್ರಲ್ಲ ಅದು, ಯಾರೋ ಪೊಲೀಸ್ನೋರು ಬಂದು ನಿಂತಂಗೈತೆ. ಗುರುತಿನ ಚೀಟಿಗೆ ತೆಗೆದಿದ್ದಲ್ವಾ, ಉಸ್ರು ಬಿಗಿ ಹಿಡ್ಕೊಂಡವ್ರೆ. ಮದುವೆ ಆಲ್ಬಮ್ಮಲ್ಲಿ ನೋಡಿದ್ರೆ ಒಂದ್ರಲ್ಲಿ ಬೆನ್ನು, ಇನ್ನೊಂದ್ರಲ್ಲಿ ಪುರೋಹಿತ್ರ ಕೈ ಅಡ್ಡ. ಇದ್ರಲ್ಲಿ ಧಾರೆ ಎರೆಯೋವಾಗ ಮಾತ್ರ ಅವ್ರ ಮುಖ ಐತೆ. ಅದನ್ನ ಒಂದ್ಸಲ ನೋಡ್ಬೇಕು ಕಣಪ್ಪ, ಓಡಾಡೋ ಮುಖನ."

ಮಗಳ ಮದುವೆಯ ದಿನ ದೊಡ್ಡಪ್ಪ ನಂಜಪ್ಪನವರು ಅಡುಗೆ ಮನೆಗೂ ಚಪ್ಪರಕ್ಕೂ ಓಡಾಡಿದ್ದೇ ಓಡಾಡಿದ್ದು. ಕ್ಯಾಮೆರಾದವನು ಬಂದರೆ "ಅತ್ಲಾಗೆ ಹೋಗಪ್ಪ, ಊಟದ ಟೈಮು" ಎಂದು ಗದರುತ್ತಿದ್ದರಂತೆ. ಕೈ ಕಟ್ಟಿಹಾಕಿದಂತೆ ಅವರು ಒಂದು ಕಡೆ ನಿಂತದ್ದು ಧಾರೆಯಲ್ಲಿ ಮಾತ್ರ.

ಲೋಕೇಶ ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಮೂಸಿದ. "ಬೂಷ್ಟು ಹಿಡಿದೈತೆ ದೊಡ್ಡಮ್ಮ. ಒಂದ್ಸಲ ಓಡಿದ್ರೆ ನಿನ್ನ ಪುಣ್ಯ."

"ಓಡುಸ್ಲಾ. ಎಲ್ಲಾನೂ ಒಂದೇ ಪ್ಲೇಟಿಗೆ ಹಾಕ್ಕೊಡು. ಒಂದು ತೆಗೆದು ಇನ್ನೊಂದು ಹಾಕೋದೆಲ್ಲ ನನ್ ಕೈಲಾಗಲ್ಲ."

ಕ್ಯಾಸೆಟ್ಟು ಒಂದು ಸಲ ಓಡಿತು. ಕೊನೆಗೆ ಬಂದಾಗ ಟೇಪು ಯಂತ್ರದೊಳಗೆ ಸಿಕ್ಕಿ ಮುದುಡಿ ಹೊರಬಂತು. ಅಷ್ಟರಲ್ಲಿ ಮದುವೆ ಪೂರ್ತಿ ಕಂಪ್ಯೂಟರಿಗೆ ಇಳಿದಿತ್ತು. ಲೋಕೇಶ ಅದರಿಂದ ಎರಡು ಫೈಲು ಮಾಡಿದ. ಒಂದು ದೊಡ್ಡದು, ಹಲವು ಸಿ.ಡಿ.ಗಳು ಬೇಕಾಗುವಂಥದ್ದು. ಇನ್ನೊಂದು ಚಿಕ್ಕದು, ಹಿಂಡಿ ಹಿಪ್ಪೆ ಮಾಡಿ ಒಂದೇ ಸಿ.ಡಿ.ಗೆ ಕೂರಿಸಿದ್ದು.

"ಒಂದೇ ಸಿ.ಡಿ.ಗೆ ಹಾಕಿದ್ರೆ ಪಿಕ್ಚರ್ ಒಡೆಯುತ್ತೆ ಭಾವ" ಎಂದ ಲೋಕೇಶ.

ನನ್ನ ವಿದ್ಯೆ ಎಚ್ಚೆತ್ತುಕೊಂಡಿತು. "ಒಡೆಯುತ್ತೆ ಅಂತ ಯಾರು ಅಳೆದವರು?"

"ಅಳೆಯೋದೇನು? ಕಣ್ಣಿಗೆ ಕಾಣುತ್ತೆ."

"ನಿನ್ನ ಕಣ್ಣಿಗೆ ಕಾಣುತ್ತೆ. ಯಾಕೆ ಅಂದರೆ ಯಾವುದು ಚಿಕ್ಕದು ಅಂತ ನಿನಗೆ ಮೊದಲೇ ಗೊತ್ತು! ಗೊತ್ತಿಲ್ಲದವರ ಕಣ್ಣಿಗೆ ಕಂಡರೆ ಮಾತ್ರ ಅದು ದೋಷ."

ನಾನು ಹೇಳಿದ್ದು ಕಟ್ಟುಕಥೆಯಲ್ಲ. ವಿಡಿಯೋ ಚಿತ್ರದ ಗುಣಮಟ್ಟ ಅಳೆಯಲು ಜಗತ್ತಿನಲ್ಲಿ ಒಂದು ಪದ್ಧತಿಯೇ ಇದೆ. ನೋಡುಗರನ್ನು ಕೂರಿಸಬೇಕು, ಚಿಕ್ಕ ಚಿಕ್ಕ ತುಣುಕು ತೋರಿಸಬೇಕು, ಐದಕ್ಕೆ ಅಂಕ ಹಾಕಿಸಬೇಕು, ಸರಾಸರಿ ತೆಗೆಯಬೇಕು. ಯಂತ್ರ ಏನೇ ಹೇಳಲಿ, ಕೊನೆಯ ತೀರ್ಪು ಜನರ ಕಣ್ಣಿನದು.

"ದೊಡ್ಡಮ್ಮನಿಗೆ ಒಂದೇ ಸಿ.ಡಿ. ಬೇಕು. ಜನಕ್ಕೆ ವ್ಯತ್ಯಾಸವೇ ಕಾಣದಿದ್ದರೆ ದೊಡ್ಡ ಫೈಲು ಇಟ್ಟುಕೊಂಡು ಏನು ಮಾಡುತ್ತೀಯ?" ಎಂದೆ.

"ಏನಾದ್ರೂ ಮಾಡ್ಕೊಳಿ. ನಾನು ಹುಳಿಯಾರಿಗೆ ಮದುವೆ ಶೂಟಿಂಗಿಗೆ ಹೋಗ್ಬೇಕು" ಎಂದು ಲೋಕೇಶ ಪರೀಕ್ಷೆಗೆಂದು ಎರಡೂ ಫೈಲಿನಿಂದ ತುಣುಕುಗಳನ್ನು ಸಿ.ಡಿ.ಗೆ ಹಾಕಿಕೊಟ್ಟ. ಯಾವ ಯಾವ ತುಣುಕು ಎಂದು ಆರಿಸಿದ್ದು ನಾನೇ. ಜನ ಸಾಲಾಗಿ ಊಟಕ್ಕೆ ಕೂತದ್ದು, ಮದುಮಗಳು ತಲೆ ಬಗ್ಗಿಸಿ ಕೂತದ್ದು, ಬೀಗರು ಕುರ್ಚಿಗಳಲ್ಲಿ ಕೂತದ್ದು. ಈಗ ಯೋಚಿಸಿದರೆ, ಆ ಮದುವೆಯಲ್ಲಿ ಕೂತವರನ್ನೆಲ್ಲ ಹುಡುಕಿ ಹುಡುಕಿ ಆರಿಸಿದ್ದೇನೆ. ಅಲುಗಾಡುವ ಒಂದು ಪ್ರಾಣಿಯೂ ಅದರಲ್ಲಿರಲಿಲ್ಲ!

ಭಾನುವಾರ ನಮ್ಮ ಮನೆಯ ನಡುಮನೆ ಪ್ರಯೋಗಾಲಯವಾಯಿತು. ಕಿಟಕಿಗಳಿಗೆ ಬೆಡ್‌ಶೀಟು ಹಾಕಿದೆ. ಟಿ.ವಿ.ಯಿಂದ ಕುರ್ಚಿಗಳವರೆಗಿನ ದೂರವನ್ನು ಸರೋಜಳ ಹೊಲಿಗೆಯ ಟೇಪಿನಿಂದ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಎದುರು ಮನೆಯ ಕೊಬ್ಬರಿ ವ್ಯಾಪಾರದ ರುದ್ರಣ್ಣ, ಅವರ ಹೆಂಡತಿ ಪಾರ್ವತಕ್ಕ, ಬೀದಿಯ ಇನ್ನಷ್ಟು ಜನ ಬಂದರು. ಬಂದವರು ಕುರ್ಚಿಗಳನ್ನು ಗೆರೆ ದಾಟಿಸಿ ಮುಂದಕ್ಕೆ ಎಳೆದುಕೊಂಡು ಕೂತರು.

"ರುದ್ರಣ್ಣ, ಗೆರೆ ಹಿಂದೆ ಕೂತ್ಕೊಳ್ಳಿ."

"ಯಾಕೆ ಮೇಷ್ಟ್ರೆ, ಮಡಿನಾ?"

ಕಣ್ಣು ಸರಿಯಾಗಿ ಕಾಣುತ್ತದೆಯೇ ಎಂದು ನೋಡಲು ನಾನು ಗೋಡೆಗೆ ಕ್ಯಾಲೆಂಡರ್ ಹಾಕಿ, ಸಣ್ಣ ಅಕ್ಷರ ಓದಿ ಎಂದೆ. ಪಾರ್ವತಕ್ಕನಿಗೆ ಅವಮಾನವಾಯಿತು. "ಸಿನಿಮಾ ತೋರಿಸ್ತೀನಿ ಅಂತ ಕರೆದು ಓದು ಬತ್ತದಾ ಅಂತ ಕೇಳ್ತಾರಲ್ಲ ಸರೋಜ ಇವ್ರು!"

"ಬೇಜಾರು ಮಾಡ್ಕೋಬೇಡಿ ಅಕ್ಕ. ಬೋಂಡ ಹಾಕಿದೀನಿ" ಎಂದಳು ಸರೋಜ. ಸಭೆ ಶಾಂತವಾಯಿತು.

ನಾನು ನಿಯಮ ವಿವರಿಸಿದೆ. ಪ್ರತಿ ತುಣುಕನ್ನೂ ಎರಡು ಸುತ್ತಿನಲ್ಲಿ ತೋರಿಸುತ್ತೇನೆ. ಒಂದೊಂದು ಸಲವೂ ಐದಕ್ಕೆ ಎಷ್ಟು ಎಂದು ಬೆರಳೆತ್ತಿ ತೋರಿಸಬೇಕು. ಒಂದು ಬೆರಳೆಂದರೆ ಚಿತ್ರ ಕೆಟ್ಟದಾಗಿದೆ, ಐದೆಂದರೆ ಬಹಳ ಚೆನ್ನಾಗಿದೆ. ಮೊದಲ ಸುತ್ತಿನಲ್ಲಿ ದೊಡ್ಡ ಫೈಲು, ಎರಡನೆಯದರಲ್ಲಿ ಚಿಕ್ಕದು. ಒಳ್ಳೆಯದು ನೋಡಿದ ಮೇಲೆ ಕಳಪೆ ಇನ್ನಷ್ಟು ಎದ್ದು ಕಾಣುತ್ತದೆ, ಹೀಗಾಗಿ ಚಿಕ್ಕ ಫೈಲಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ತರ್ಕ. ಯಾವುದು ಯಾವುದೆಂದು ಅವರಿಗೆ ಹೇಳಲಿಲ್ಲ.

ಮೊದಲ ತುಣುಕು ಬಂತು, ಹೋಯಿತು. ನಡುವೆ ಪರದೆ ಖಾಲಿಯಾಯಿತು.

"ಕರೆಂಟ್ ಹೋಯ್ತಲ್ಲಪ್ಪ!"

"ಹೋಗಿಲ್ಲ. ತುಣುಕು ಮುಗೀತು. ಬೆರಳು ಎತ್ತಿ."

"ಈಗಿನ್ನೂ ಪಲ್ಯ ಬಡಿಸ್ತಿದ್ರು! ಹೋಳಿಗೆ ಬಂತೋ ಇಲ್ವೋ ನೋಡ್ದೆ ಹೆಂಗೆ ಮಾರ್ಕ್ಸ್ ಹಾಕೋದು?"

"ಊಟಕ್ಕಲ್ಲ ರುದ್ರಣ್ಣ, ಚಿತ್ರಕ್ಕೆ."

"ಇದು ಯಾರ ಮನೆ ಮದುವೆ?"

"ನಮ್ಮ ಸರೋಜಳ ದೊಡ್ಡಪ್ಪನ ಮಗಳದ್ದು."

"ನಂಜಪ್ನೋರ ಮಗಳದಾ?" ರುದ್ರಣ್ಣ ನೆಟ್ಟಗೆ ಕೂತರು. "ಅವ್ರು ನಮ್ ಹುಡುಗನ ಮದುವೆಗೆ ಬಂದು ಮುಯ್ಯಿ ಮಾಡಿ ಹೋಗವ್ರೆ ಕಣ್ರೀ!" ಎಂದು ನಾಲ್ಕು ಬೆರಳು ಎತ್ತಿದರು. ಪಾರ್ವತಕ್ಕ ಗಂಡನ ಕೈ ನೋಡಿ ನಾಲ್ಕು ಎತ್ತಿದರು. ಪಾರ್ವತಕ್ಕನ ಕೈ ನೋಡಿ ಉಳಿದವರು ಎತ್ತಿದರು. ಸ್ವತಂತ್ರ ಅಭಿಪ್ರಾಯ ಎಂದು ನಾನು ಬರೆದುಕೊಂಡೆ.

ಎರಡನೇ ಸುತ್ತು ಬಂದಾಗ ನಾನು ಉಸಿರು ಬಿಗಿ ಹಿಡಿದೆ. ಬೆರಳುಗಳು ಎದ್ದವು. ಎಲ್ಲೆಲ್ಲೂ ಐದು! ಚಿಕ್ಕ ಫೈಲು ದೊಡ್ಡದಕ್ಕೆ ಸಮನಾಗಿದ್ದಷ್ಟೇ ಅಲ್ಲ, ಅದನ್ನು ಮೀರಿಸಿತ್ತು! ಮದುಮಗಳಿಗೂ ಹಾಗೇ, ಬೀಗರಿಗೂ ಹಾಗೇ. ವಿಜ್ಞಾನದಲ್ಲಿ ಇಷ್ಟು ಒಮ್ಮತವನ್ನು ನಾನು ಕಂಡಿರಲಿಲ್ಲ. ಅನುಮಾನ ಬರಬೇಕಿತ್ತು. ಗೀಸರಿನ ಮೇಲೆ ಅನುಮಾನ ಪಡುವ ನನಗೆ, ಗೆದ್ದ ಮೇಲೆ ಅನುಮಾನ ಬರಲಿಲ್ಲ.

ಮಾರನೆಯ ದಿನ ಹುಳಿಯಾರಿನಿಂದ ಲೋಕೇಶನ ಫೋನು ಬಂತು. ಅಲ್ಲಿಯ ಮದುವೆಯನ್ನು ಕಂಪ್ಯೂಟರಿಗೆ ಇಳಿಸಬೇಕು, ಜಾಗ ಸಾಲದು, ಸ್ಟುಡಿಯೋ ಬೀಗದ ಕೈ ಅಕ್ಕನ ಹತ್ತಿರ ಇದೆ, ಹೋಗಿ ಏನಾದರೂ ಖಾಲಿ ಮಾಡಿಡಿ ಎಂದ. "ದೊಡ್ಡಮ್ಮಂದು ಮಾತ್ರ ನೋಡ್ಕೊಂಡು ಮಾಡಿ ಭಾವ!"

ನೋಡಿಕೊಂಡೇ ಮಾಡಿದೆ. ದೊಡ್ಡ ಫೈಲಿನ ಮೇಲೆ ಬಾಣದ ಗುರುತು ಇಟ್ಟಾಗ ಮನಸ್ಸಿನ ಮೂಲೆಯಲ್ಲಿ ಏನೋ ಅಲುಗಿತು. ಲೋಕೇಶ ಎರಡು ಫೈಲನ್ನೂ ಮೊದಲ ದಿನ ಸರಸರನೆ ಓಡಿಸಿ ನೋಡಿದಾಗ ನಾನು ಪಕ್ಕದಲ್ಲಿದ್ದೆ. ಧಾರೆಯ ಹೊತ್ತಿಗೆ ಚಿಕ್ಕದರಲ್ಲಿ ಚಿತ್ರ ಕಲಸಿಹೋಗಿದ್ದ ನೆನಪು. ದೊಡ್ಡದರಲ್ಲಿ ನಂಜಪ್ಪನವರ ಮುಖ ಸ್ಪಷ್ಟವಾಗಿದ್ದ ನೆನಪು.

ನೆನಪು! ನನಗೆ ನಗು ಬಂತು. ಲೋಕೇಶ 'ಒಡೆಯುತ್ತೆ' ಎಂದದ್ದಕ್ಕೆ ನನ್ನ ಮನಸ್ಸು ಒಡೆದ ಚಿತ್ರವೊಂದನ್ನು ತಾನೇ ಹುಟ್ಟಿಸಿಕೊಂಡಿದೆ. ಇದನ್ನೇ ತಾನೆ ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುವುದು? ಒಂದು ಕಡೆ ಇಡೀ ಬೀದಿಯ ಸರಾಸರಿ, ಇನ್ನೊಂದು ಕಡೆ ಒಬ್ಬನ ನೆನಪು. ಚಿಕ್ಕ ಫೈಲನ್ನು ಅಲ್ಲೇ ತೆರೆದು ಧಾರೆಯನ್ನು ಒಂದು ಸಲ ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಂಕಿಅಂಶ ಕೈಯಲ್ಲಿರುವವನು ಹಾಗೆ ಇಣುಕಿ ನೋಡುವುದು ತನ್ನ ಶಾಸ್ತ್ರಕ್ಕೇ ಅವಮಾನ ಎನ್ನಿಸಿತು.

'ಖಂಡಿತ ಅಳಿಸಬೇಕೇ?' ಎಂದು ಕಂಪ್ಯೂಟರು ಕೇಳಿತು. ಅದಕ್ಕಾದರೂ ಅನುಮಾನವಿತ್ತು. ನನಗಿರಲಿಲ್ಲ.

ಸಂಜೆ ಲೋಕೇಶ ಆತುರಾತುರವಾಗಿ ಬಂದು ಹುಳಿಯಾರಿನ ಮದುವೆಯನ್ನು ಇಳಿಸಿದ. ನಾನು ಅಳಿಸಿದ ಜಾಗದ ಮೇಲೆ ಹುಳಿಯಾರಿನ ಬೀಗರು ಸಕುಟುಂಬ ಸಪರಿವಾರ ಬಂದು ಕೂತರು.

ತಿಥಿಯ ಹಿಂದಿನ ದಿನ ಚಿಕ್ಕ ಫೈಲಿನ ಸಿ.ಡಿ. ಹಿಡಿದು ತುರುವೇಕೆರೆ ಬಸ್ಸಿಗೆ ಹೊರಟೆ. ನೆಂಟರು ಸೇರುವ ಮೊದಲು ದೊಡ್ಡಮ್ಮ ಒಬ್ಬರೇ ನೋಡಬೇಕೆಂದಿದ್ದರು. ದಾರಿಯಲ್ಲಿ ರುದ್ರಣ್ಣ ಸಿಕ್ಕರು.

"ಏನ್ ಮೇಷ್ಟ್ರೆ, ನಮ್ ಮಾರ್ಕ್ಸು ಸಾಕಾಯ್ತಾ?"

"ಧಾರಾಳ. ಎರಡನೇ ಸುತ್ತು ಅಷ್ಟೊಂದು ಚೆನ್ನಾಗಿ ಕಾಣಿಸ್ತಾ?"

"ಕಾಣ್ಸೋದೇನು, ಎರಡೂ ಒಂದೇ ಮದುವೆ ಅಲ್ವಾ? ಮುಯ್ಯಿ ವಾಪಸ್ ಮಾಡೋವಾಗ ಮೊದ್ಲು ಮಾಡಿದ್ದಷ್ಟೇ ಮಾಡಿದ್ರೆ ಚೆಂದಾನಾ? ಒಂದು ಸೇರಿಸಿ ಮಾಡ್ಬೇಕು. ಮೊದ್ಲು ನಾಲ್ಕು ಹಾಕಿದ್ವು. ಎರಡ್ನೇ ಸಲ ಒಂದು ಸೇರ್ಸಿದ್ವು. ನಮ್ಮೋಳೂ ಹಂಗೇ ಮಾಡವ್ಳೆ. ನಮ್ ಬೀದಿಯೋರು ಮರ್ವಾದಸ್ಥರು ಕಣ್ರೀ!"

ನಾನು ನಿಂತಲ್ಲೇ ನಿಂತೆ. ಬಸ್ಸು ಹಾರ್ನ್ ಹಾಕಿತು. ನನ್ನ ಸರಾಸರಿ ಅಳೆದದ್ದು ಚಿತ್ರದ ಗುಣಮಟ್ಟವನ್ನಲ್ಲ, ನಂಜಪ್ಪನವರು ಎಲ್ಲೆಲ್ಲಿ ಮುಯ್ಯಿ ಮಾಡಿದ್ದರು ಎಂಬುದನ್ನು! ಸುತ್ತು ಅದಲುಬದಲು ಮಾಡಿದ್ದರೆ ದೊಡ್ಡ ಫೈಲಿಗೇ ಐದು ಬೀಳುತ್ತಿತ್ತು. ನಾನು ಬೇಕೆಂದೇ ಚಿಕ್ಕದನ್ನು ಎರಡನೆಯದಾಗಿ ಇಟ್ಟಿದ್ದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೊರಗೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಅವುಗಳ ಜೊತೆ ನಾನೂ ಹಿಂದಕ್ಕೆ ಓಡಬಹುದಿತ್ತು ಅನ್ನಿಸಿತು. ಆದರೂ ಧೈರ್ಯ ಹೇಳಿಕೊಂಡೆ. ಚಿತ್ರ ಕಲಸಿದ್ದು ಸುಳ್ಳು ನೆನಪೇ ಇರಬಹುದು. ನನ್ನ ನೆನಪು ಎಷ್ಟೋ ಸಲ ಸುಳ್ಳಾಗಿದೆ. ದೇವರೇ, ಇದೊಂದು ಸಲ ಸುಳ್ಳಾಗಲಿ!

ದೇವರನ್ನು ನಾನು ನಂಬುವುದಿಲ್ಲ. ಆದರೆ ಅವತ್ತು ಬಸ್ಸಿನಲ್ಲಿ ಬೇರೆ ಯಾರೂ ಪರಿಚಯದವರಿರಲಿಲ್ಲ.

ಹಳ್ಳಿಯ ಮನೆಯಲ್ಲಿ ದೊಡ್ಡಮ್ಮ ಕಾಯುತ್ತಿದ್ದರು. ತಲೆಗೆ ನೀರು ಹಾಕಿಕೊಂಡು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಗಂಡ ಪೇಟೆಯಿಂದ ಬರುವ ದಿನ ಹೀಗೇ ಇರುತ್ತಿದ್ದರೇನೋ. ಟಿ.ವಿ.ಯ ಮುಂದೆ ಚಾಪೆ ಹಾಸಿತ್ತು.

"ಬನ್ನಿ ಅಳಿಯಂದ್ರೆ. ಕಾಫಿ ಆಮೇಲೆ. ಮೊದ್ಲು ಹಾಕಿ."

"ಅತ್ತೆ, ಬೇಕಾದರೆ ನಾಳೆ ಎಲ್ಲರೂ ಬಂದ ಮೇಲೆ..."

"ಹಾಕಿ ಅಂದ್ನಲ್ಲ."

ಹಾಕಿದೆ. ಧಾರೆಯ ಜಾಗಕ್ಕೆ ಓಡಿಸಲೇ ಎಂದರೆ ಬೇಡ ಎಂದರು. ಮದುವೆ ಅಂದ ಮೇಲೆ ಚಪ್ಪರದಿಂದ ನೋಡಬೇಕಂತೆ. ಚಪ್ಪರ ಚೆನ್ನಾಗಿತ್ತು. ಬೀಗರು ಚೆನ್ನಾಗಿದ್ದರು. ಕೂತವರೆಲ್ಲ ಕಲ್ಲಿನ ವಿಗ್ರಹಗಳ ಹಾಗೆ ಸ್ಪಷ್ಟವಾಗಿದ್ದರು. ದೊಡ್ಡಮ್ಮ ಒಬ್ಬೊಬ್ಬರನ್ನೇ ಗುರುತಿಸಿ, "ಇವ್ಳು ಆಗ ಎಷ್ಟು ಸಣ್ಣಕ್ಕಿದ್ಲು ನೋಡಿ" ಎಂದರು. ನನಗೆ ಉಸಿರು ಬಂತು. ಸರಿಯಾಗೇ ಇದೆಯಲ್ಲ!

ಅಷ್ಟರಲ್ಲಿ ಮಂಟಪ ಬಂತು. ಅಂತರಪಟ ಸರಿಯಿತು. ಜನರ ನಡುವಿನಿಂದ ಬಿಳಿ ಶಲ್ಯದ ವ್ಯಕ್ತಿಯೊಂದು ಈ ಕಡೆಗೆ ತಿರುಗತೊಡಗಿತು.

"ಬಂದ್ರು!" ಎಂದು ದೊಡ್ಡಮ್ಮ ಮೊಣಕಾಲ ಮೇಲೆ ಎದ್ದರು.

ಓಲಗದವರು ಗಟ್ಟಿಮೇಳ ಬಾರಿಸಿದರು. ಸಾವಿರ ಕೈಗಳು ಒಟ್ಟಿಗೆ ಅಕ್ಷತೆ ಎಸೆದವು. ಅಕ್ಕಿ ಕಾಳು ಮಳೆಯಂತೆ ಬಿತ್ತು. ಚಿತ್ರ ಚೂರು ಚೂರಾಯಿತು.

ಆ ಚಿಕ್ಕ ಫೈಲು ಕೂತವರನ್ನು ಹೇಗೋ ಹೊತ್ತುಕೊಂಡಿತ್ತು. ಹಾರುವ ಒಂದೊಂದು ಅಕ್ಕಿ ಕಾಳನ್ನೂ ನೆನಪಿಟ್ಟುಕೊಳ್ಳುವಷ್ಟು ಜಾಗ ಅದರಲ್ಲಿರಲಿಲ್ಲ. ಅದು ಕೈಚೆಲ್ಲಿ, ಪರದೆ ತುಂಬ ಚೌಕ ಚೌಕ ಮಾಡಿ ಹಾಕಿತು. ನಂಜಪ್ಪನವರ ಹಣೆಯಿದ್ದಲ್ಲಿ ಒಂದು ಕಂದು ಚೌಕ. ಮೂಗಿದ್ದಲ್ಲಿ ಪುರೋಹಿತರ ಪಂಚೆಯ ತುಂಡು. ಅಕ್ಷತೆ ನಿಂತು ಚಿತ್ರ ಸರಿಹೋಗುವಷ್ಟರಲ್ಲಿ ನಂಜಪ್ಪನವರು ಬೆನ್ನು ತಿರುಗಿಸಿ ಅಡುಗೆ ಮನೆಯ ಕಡೆ ಹೊರಟಿದ್ದರು.

ದೊಡ್ಡಮ್ಮ ಸೆರಗಿನಿಂದ ಟಿ.ವಿ.ಯ ಗಾಜು ಒರೆಸಿ ನೋಡಿದರು.

"ಇದೇನು ಅಳಿಯಂದ್ರೆ? ಮುಖಕ್ಕೆ ಟೈಲ್ಸ್ ಹಾಕ್ಸಿದಂಗೈತೆ?"

"ಟಿ.ವಿ. ಹಳೇದಲ್ವಾ ಅತ್ತೆ..." ಎಂದೆ. ದೊಡ್ಡಮ್ಮ ಎದ್ದು ಹೋಗಿ ಟಿ.ವಿ.ಯ ತಲೆಗೆ ಎರಡು ಬಿಟ್ಟರು. ಆ ಏಟು ನಿಜವಾಗಿ ಬೀಳಬೇಕಾಗಿದ್ದ ತಲೆ ಪಕ್ಕದಲ್ಲೇ ಇತ್ತು.

"ಇನ್ನೊಂದ್ಸಲ ಹಾಕಿ."

ಹಾಕಿದೆ. ಚೌಕ.

"ಇನ್ನೊಂದ್ಸಲ."

ಡಿಜಿಟಲ್ ವಿದ್ಯೆಯ ದೊಡ್ಡ ಗುಣವೊಂದನ್ನು ಅವತ್ತು ಕಂಡುಕೊಂಡೆ. ಅದು ತಪ್ಪನ್ನು ಪ್ರತಿ ಸಲವೂ ಒಂಚೂರೂ ಬದಲಿಸದೆ, ಅಷ್ಟೇ ಶ್ರದ್ಧೆಯಿಂದ ಮಾಡುತ್ತದೆ.

ದೊಡ್ಡಮ್ಮ ಟಿ.ವಿ. ಆಫ್ ಮಾಡಿದರು. "ಕ್ಯಾಸೆಟ್ ಎಲ್ಲೈತೆ?"

"ಲೋಕೇಶನ ಹತ್ತಿರ. ಆದರೆ ಅದು ಮುದುಡಿಹೋಗಿದೆ, ಇನ್ನೊಂದು ಸಲ ಓಡೋದು ಕಷ್ಟ ಅಂತ..."

"ಚಪ್ಲಿ ಹಾಕ್ಕೊಳ್ಳಿ" ಎಂದು ಬಾಗಿಲಿಗೆ ಬೀಗ ಹಾಕಿದರು.

ಇಬ್ಬರೂ ತಿಪಟೂರಿನ ಬಸ್ಸು ಹತ್ತಿದೆವು. ಬೈದಿದ್ದರೆ ಎಷ್ಟೋ ಸುಖವಿತ್ತು. ಪಕ್ಕದಲ್ಲಿ ಕೂತು ಮಡಿಲಲ್ಲಿ ಕೈ ಮಡಚಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ನಿಲ್ದಾಣವಲ್ಲದ ಕಡೆಗಳಲ್ಲೂ ನಿಂತಿತು.

ಸ್ಟುಡಿಯೋದಲ್ಲಿ ಲೋಕೇಶ ವಿಷಯ ಕೇಳಿ ನನ್ನ ಮುಖ ನೋಡಿದ. "ಅದಕ್ಕೇನಂತೆ ಭಾವ, ದೊಡ್ಡ ಫೈಲಿಂದ ಧಾರೆ ಒಂದನ್ನೇ ಕತ್ತರಿಸಿ ಹಾಕ್ಕೊಡ್ತೀನಿ. ಎಲ್ಲಿಟ್ಟಿದೀರಾ ಅದನ್ನ?"

ನಾನು ಗಂಟಲು ಸರಿಮಾಡಿಕೊಂಡೆ. "ವೀಕ್ಷಕರ ಸರಾಸರಿ ಅಂಕಗಳ ಆಧಾರದ ಮೇಲೆ..."

"ಎಲ್ಲಿಟ್ಟಿದೀರಾ?"

"ಅಳಿಸಿದೆ."

ಲೋಕೇಶ ಅಕ್ಕನ ಗಂಡನಿಗೆ ಹೇಳಬಾರದ ಮಾತನ್ನು ದೊಡ್ಡಮ್ಮನ ಎದುರಿಗೆ ಹೇಳದಿರಲು ತುಂಬ ಕಷ್ಟಪಟ್ಟ. ನೀರು ಕುಡಿದ. ಆಮೇಲೆ ಕ್ಯಾಸೆಟ್ಟು ತೆಗೆದು ಸ್ಕ್ರೂ ಬಿಚ್ಚಿದ. ಮುದುಡಿದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಬೆರಳಿನಿಂದ ನೀವಿ, ಧಾರೆಯ ಹತ್ತಿರಕ್ಕೆ ಕೈಯಲ್ಲೇ ಸುತ್ತಿದ. ಬಿಳಿ ಬೂಷ್ಟು ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು.

"ದೊಡ್ಡಮ್ಮ, ಇದು ಕಡೇದು. ಓಡಿದ್ರೆ ಓಡ್ತು. ಸಿಕ್ಕಾಕ್ಕೊಂಡ್ರೆ ಹರಿದೇ ಹೋಗ್ತದೆ. ಓಡ್ಸಲಾ?"

"ಓಡ್ಸು."

"ಭಾವ, ನಾನು ವಿ.ಸಿ.ಆರ್. ಮೇಲಿಂದ ಕೈ ತೆಗೆಯಂಗಿಲ್ಲ. ನೀವೊಂದು ಕೆಲ್ಸ ಮಾಡಿ. ಒಂದೇ ಒಂದು. ಕಂಪ್ಯೂಟರ್ ಮುಂದೆ ಕೂತು ಈ ಗುಂಡಿ ಮೇಲೆ ಬೆರಳಿಡಿ. ನಾನು 'ಹೂಂ' ಅಂದ ತಕ್ಷಣ ಒತ್ತಿ. ರೆಕಾರ್ಡ್ ಆಗ್ತದೆ. ಬೇರೇನೂ ಯೋಚ್ನೆ ಮಾಡ್ಬೇಡಿ. ನಿಮ್ ದಮ್ಮಯ್ಯ!"

ಬೆರಳಿಟ್ಟೆ. ಬೆರಳು ಬೆವರಿತು. ಒರೆಸಿಕೊಂಡು ಮತ್ತೆ ಇಟ್ಟೆ. ದೊಡ್ಡಮ್ಮ ಟಿ.ವಿ.ಗೆ ಮುಖ ತಾಗುವಷ್ಟು ಹತ್ತಿರ ನಿಂತರು. ಗೆರೆ ಹಿಂದೆ ನಿಲ್ಲಿ ಎನ್ನಲು ನನಗೆ ಬಾಯಿರಲಿಲ್ಲ.

ಯಂತ್ರ ಮುಲುಗಿತು. ಪರದೆಯಲ್ಲಿ ಮೊದಲು ಹಿಮ ಸುರಿಯಿತು, ಆಮೇಲೆ ಗೆರೆಗಳು ಕುಣಿದವು, ಆಮೇಲೆ ಮಂಟಪ ಓರೆಯಾಗಿ ಬಂದು ನೇರವಾಯಿತು. ಬಣ್ಣ ಅರ್ಧ ಹೋಗಿತ್ತು. ನನ್ನ ಪರೀಕ್ಷೆಗೆ ಇಟ್ಟಿದ್ದರೆ ಒಂದು ಬೆರಳೂ ಏಳುತ್ತಿರಲಿಲ್ಲ.

"ಹೂಂ!" ಎಂದ ಲೋಕೇಶ.

ಗಟ್ಟಿಮೇಳ ಎದ್ದಿತು. ಅಕ್ಷತೆ ಬಿತ್ತು. ಈ ಸಲ ಅದು ಅಕ್ಕಿಯಾಗಿಯೇ ಬಿತ್ತು. ಒಂದೊಂದು ಕಾಳೂ ಹಾರಿ ಬಂದು ಶಲ್ಯದ ಮೇಲೆ, ಹೆಗಲ ಮೇಲೆ, ನೆರೆತ ಕೂದಲಲ್ಲಿ ಕೂತಿತು. ನಂಜಪ್ಪನವರು ತಿರುಗಿದರು. ಕಂದು ಚೌಕವಾಗಿದ್ದ ಮನುಷ್ಯನಿಗೆ ಹಣೆ ಬಂತು, ಮೂಗು ಬಂತು, ಕಣ್ಣು ಬಂತು. ಆ ಕಣ್ಣು ಗುಂಪಿನಲ್ಲಿ ಯಾರನ್ನೋ ಹುಡುಕಿ, ಸಿಕ್ಕಿದ ಕೂಡಲೇ ಮುಖವೆಲ್ಲ ಸಡಿಲವಾಗಿ ನಕ್ಕುಬಿಟ್ಟಿತು. ಅವರು ನಗುವುದನ್ನು ನಾನು ಕಂಡದ್ದೇ ಇಲ್ಲ. ಬದುಕಿದ್ದಾಗ ನನ್ನನ್ನು ಕಂಡರೆ, "ಮೇಷ್ಟ್ರೆ, ಸಂಬಳ ಆಯ್ತಾ?" ಎಂದು ಗಂಭೀರವಾಗಿ ಕೇಳುತ್ತಿದ್ದವರು. ಇವರಿಗೆ ಹೀಗೆ ನಗಲು ಬರುತ್ತಿತ್ತೇ!

"ನಾನು ಅತ್ಲಾಗೆ ಕಂಬದ ತಾವ ನಿಂತಿದ್ದೆ ಕಣಪ್ಪ" ಎಂದರು ದೊಡ್ಡಮ್ಮ, ಯಾರಿಗೋ.

ಯಂತ್ರ ಕರ್ ಎಂದಿತು. ಚಿತ್ರ ಒಂದು ಸಲ ಜಗ್ಗಿ ಕಪ್ಪಾಯಿತು. ಲೋಕೇಶ ಮುಚ್ಚಳ ತೆಗೆದ. ಟೇಪು ಹರಿದು, ಒಳಗೆಲ್ಲ ಸುತ್ತಿಕೊಂಡು, ಎಳೆದರೆ ಚೂರುಚೂರಾಗಿ ಬಂತು.

"ಹೋಗ್ಲಿ ಬುಡು. ನಮಗೆ ಬೇಕಾದಷ್ಟು ಸಿಕ್ತು" ಎಂದು ಲೋಕೇಶ ಹಣೆ ಒರೆಸಿಕೊಂಡ. "ಆಯ್ತಲ್ಲ ಭಾವ?"

ನಾನು ಕೆಳಗೆ ನೋಡಿದೆ. ನನ್ನ ಬೆರಳು ಗುಂಡಿಯ ಮೇಲಿತ್ತು. ಇಡೀ ಹೊತ್ತು ಅಲ್ಲೇ ಇತ್ತು.

ಒತ್ತಿರಲಿಲ್ಲ.

ಲೋಕೇಶ ಬಂದು ಕಂಪ್ಯೂಟರ್ ನೋಡಿದ. ಆಮೇಲೆ ನನ್ನ ಬೆರಳನ್ನು, ಅದು ಯಾವುದೋ ಬೇರೆ ಪ್ರಾಣಿಯೆಂಬಂತೆ ನೋಡಿದ. "'ಹೂಂ' ಅಂದ್ನಲ್ಲ ಭಾವ!"

"ಕೇಳಿಸ್ತು."

"ಮತ್ತೆ?"

"ನೋಡ್ತಾ ಇದ್ದೆ."

ವೀಕ್ಷಕನ ಗಮನವನ್ನು ಸಂಪೂರ್ಣವಾಗಿ ಸೆಳೆದ ಚಿತ್ರ ಎಂದು ನನ್ನ ಶಾಸ್ತ್ರದಲ್ಲಿ ಇದಕ್ಕೆ ಮನ್ನಣೆಯಿದೆ. ಲೋಕೇಶನಿಗೆ ಹೇಳಲು ಹೋಗಲಿಲ್ಲ. ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಬೈಬೇಡ ಸುಮ್ನಿರ್ಲಾ ಲೋಕಿ. ನಾನು ನೋಡ್ದೆ. ಅಳಿಯಂದ್ರೂ ನೋಡವ್ರೆ. ಸಾಕು."

ಮರುದಿನ ತಿಥಿ. ಎಲೆ ಹಾಕಿ ಎಲ್ಲರೂ ಕೂತಿದ್ದೆವು. ದೊಡ್ಡಮ್ಮ ಸಾಲಿನ ನಡುವೆ ಓಡಾಡುತ್ತ, ನಿನ್ನೆ ಅವರನ್ನು ನೋಡಿ ಬಂದೆ, ಹೆಂಗೆ ನಕ್ರು ಅಂತ ಎಲ್ಲರಿಗೂ ಹೇಳಿದರು. ನೆಂಟರು ಸಿ.ಡಿ. ಎಲ್ಲಿ, ನಾವೂ ನೋಡೋಣ ಎಂದರು.

"ಸಿ.ಡಿ. ಇಲ್ಲ. ಅಳಿಯಂದ್ರನ್ನ ಕೇಳಿ. ಓದಿದೋರು, ನನ್ ಪಕ್ಕದಲ್ಲೇ ಕೂತು ನೋಡವ್ರೆ. ಎಲ್ಲಾ ಹೇಳ್ತಾರೆ."

ಇಡೀ ಸಾಲು ನನ್ನ ಕಡೆ ತಿರುಗಿತು. ಲೋಕೇಶನ ಕಣ್ಣು ಆಗ ಯಂತ್ರದ ಮೇಲಿತ್ತು. ನಂಜಪ್ಪನವರ ಆ ಮುಖಕ್ಕೆ ಈ ಭೂಮಿಯ ಮೇಲೆ ಉಳಿದಿದ್ದ ಪ್ರತಿ ಎರಡೇ. ಒಂದು ದೊಡ್ಡಮ್ಮನಲ್ಲಿ. ಇನ್ನೊಂದು, ಗೀಸರ್ ಆಫ್ ಮಾಡಿದ್ದನ್ನೂ ಖಚಿತವಾಗಿ ಹೇಳಲಾರದ ನನ್ನಲ್ಲಿ!

"ನಕ್ಕರು" ಎಂದೆ. ನನ್ನ ಜೀವಮಾನದಲ್ಲಿ ಇಷ್ಟು ಖಚಿತವಾಗಿ ಏನನ್ನೂ ಹೇಳಿರಲಿಲ್ಲ. "ಬಾಯಿ ತುಂಬ ನಕ್ಕರು."

"ಆಗ ಮೀಸೆ ಬಿಟ್ಟಿದ್ರಾ, ತೆಗ್ಸಿದ್ರಾ?" ಎಂದಿತು ಸಾಲಿನ ಆ ತುದಿಯಿಂದ ಒಂದು ಧ್ವನಿ.

ಹಣೆ ನೆನಪಿತ್ತು. ಮೂಗು ನೆನಪಿತ್ತು. ಕೂದಲಲ್ಲಿ ಕೂತ ಅಕ್ಕಿ ಕಾಳು ನೆನಪಿತ್ತು. ಮೂಗಿನ ಕೆಳಗೆ ಏನಿತ್ತೋ, ಆಣೆಯಾಗಿ ಗೊತ್ತಿರಲಿಲ್ಲ. ಹತ್ತಾರು ಮುಖಗಳು ಕಾಯುತ್ತಿದ್ದವು. ಸರೋಜ ಎದುರಿನಿಂದ ಕಣ್ಣಿನಲ್ಲೇ ಏನೋ ಸನ್ನೆ ಮಾಡಿದಳು. ಅದೂ ಅರ್ಥವಾಗಲಿಲ್ಲ.

"ಇತ್ತು" ಎಂದೆ, ಗಂಭೀರವಾಗಿ. "ದಪ್ಪ ಮೀಸೆ."

"ಎಲ್ಲಿತ್ತು ಅಳಿಯಂದ್ರೆ?" ಎಂದರು ದೊಡ್ಡಮ್ಮ. "ಧಾರೆಗೆ ನಿಲ್ಲೋ ಮುಂಚೆ ನಾನೇ ಜಗಳ ಆಡಿ ತೆಗೆಸಿದ್ದೆ. ಅದಕ್ಕೇ ಅಲ್ವಾ ಅವ್ರು ನನ್ ಕಡೆ ನೋಡಿ ಅಷ್ಟು ನಕ್ಕಿದ್ದು!"

ಸಾಲು ಪೂರ್ತಿ ನಕ್ಕಿತು. ದೊಡ್ಡಮ್ಮ ಎಲ್ಲರಿಗಿಂತ ಹೆಚ್ಚು ನಕ್ಕರು. ಆಮೇಲೆ ನನ್ನ ಎಲೆಯ ಮುಂದೆ ಬಗ್ಗಿ ಪಾಯಸದ ಸೌಟು ಎತ್ತಿದರು.

"ಹೋಗ್ಲಿ ಬುಡಿ, ಪಾಪ. ಊಟ ಮಾಡಿ."